ಆರನೇ ತರಗತಿಯ ಮಗುವಿನ ಪಕ್ಕ ಕೂರುವುದು

(ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಪೋಷಕರ ಸಭೆಯಲ್ಲಿ, ಜೂನ್ ತಿಂಗಳಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಗದ್ದೆ ಬಿಟ್ಟು, ಕೊಟ್ಟಿಗೆ ಕೆಲಸ ಬೇಗ ಮುಗಿಸಿಕೊಂಡು ಬಂದಿದ್ದೀರಿ. ಅರ್ಧದಷ್ಟು ಜನ ಒದ್ದೆ ಬಟ್ಟೆಯಲ್ಲೇ ಕೂತಿದ್ದೀರಿ. ಅದಕ್ಕೆ ಸ್ವಾಗತ, ಪರಿಚಯ ಎಂದು ಹೊತ್ತು ಕಳೆಯದೆ ನೇರ ವಿಷಯಕ್ಕೆ ಬರುತ್ತೇನೆ.

ನಾನು 22 ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಮೊದಲು ಹೊಸನಗರದ ಕಡೆ, ಆಮೇಲೆ ಈ ಕಡೆ. ವರ್ಷವೂ ನನ್ನ ಕಣ್ಣಿಗೆ ಬೀಳುವುದು ಒಂದಿದೆ. ಮಗು ಮೂರನೇ ತರಗತಿಯಲ್ಲಿದ್ದಾಗ ಅಮ್ಮ ಸೀದಾ ತರಗತಿ ಬಾಗಿಲಿಗೆ ಬರುತ್ತಾರೆ. "ಮಗ್ಗಿ ಹೇಳ್ತಾಳಾ ಟೀಚರ್? ಕಾಗುಣಿತ ತಪ್ಪು ಮಾಡ್ತಾಳಾ?" ಅಂತ ಕೇಳುತ್ತಾರೆ. ಅದೇ ಮಗು ಆರನೇ ತರಗತಿಗೆ ಬಂದ ವರ್ಷ ಅದೇ ಅಮ್ಮ ಗೇಟಿನ ಹತ್ತಿರವೇ ನಿಂತುಬಿಡುತ್ತಾರೆ. ಒಳಗೆ ಕರೆದರೆ, "ನಮಗೆ ಅದೆಲ್ಲ ಎಲ್ಲಿ ತಿಳೀತದೆ ಟೀಚರ್, ನೀವೇ ನೋಡ್ಕೊಳ್ಳಿ" ಎನ್ನುತ್ತಾರೆ. ಅಪ್ಪಂದಿರಂತೂ ಅಲ್ಲಿಗೂ ಬರುವುದಿಲ್ಲ. ಹೀಗೆ ಹಿಂದೆ ಸರಿಯುತ್ತೀರಲ್ಲ, ಅದನ್ನು ಇವತ್ತು ಇಲ್ಲೇ ನಿಲ್ಲಿಸಬೇಕು. ಅದನ್ನು ಕೇಳಿಕೊಳ್ಳಲಿಕ್ಕೇ ಬಂದಿದ್ದೇನೆ.

ಈ ವರ್ಷ ಏನು ಬದಲಾಗುತ್ತದೆ ಎನ್ನುವುದನ್ನು ಮೊದಲು ಹೇಳುತ್ತೇನೆ. ಐದನೇ ತರಗತಿವರೆಗೆ ಪರಿಸರ ಅಧ್ಯಯನ ಅಂತ ಒಂದೇ ಪುಸ್ತಕ ಇತ್ತು. ಮರ, ಕೆರೆ, ಅಂಚೆ ಕಚೇರಿ, ರಾಜರು ಎಲ್ಲ ಅದರಲ್ಲೇ. ಆರನೇ ತರಗತಿಯಲ್ಲಿ ಅದು ಒಡೆದು ವಿಜ್ಞಾನ ಬೇರೆ, ಸಮಾಜ ವಿಜ್ಞಾನ ಬೇರೆ ಆಗುತ್ತದೆ. ಹಿಂದಿ ಹೊಸದಾಗಿ ಶುರುವಾಗುತ್ತದೆ. ಹನ್ನೊಂದು ವರ್ಷದ ಮಗು ಮತ್ತೆ ಒಂದನೇ ತರಗತಿಯವರ ಹಾಗೆ ಅಕ್ಷರ ತಿದ್ದಬೇಕು. ಕೆಲವು ಮಕ್ಕಳಿಗೆ ಇದು ಅವಮಾನ ಅನ್ನಿಸುತ್ತದೆ, ಮನೆಯಲ್ಲಿ ಪುಸ್ತಕ ಅಡಗಿಸುತ್ತಾರೆ. ಬೈಯಬೇಡಿ. ನಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟೋ ಜನ ಮನೆಯಲ್ಲಿ ಕೊಂಕಣಿ, ತುಳು, ಉರ್ದು, ತಮಿಳು ಆಡಿ, ಇಲ್ಲಿ ಬಂದು ಕನ್ನಡ ಓದಿ, ಇಂಗ್ಲಿಷ್ ಬರೆಯುತ್ತಾರೆ. ಅವರಿಗೆ ಇದು ನಾಲ್ಕನೇ ಭಾಷೆ. ಮೂರು ಭಾಷೆ ನಿಭಾಯಿಸಿದ ಮಗು ದಡ್ಡ ಆಗಿರಲಿಕ್ಕೆ ಸಾಧ್ಯವೇ ಇಲ್ಲ.

ಗಣಿತದಲ್ಲಿ ಸೊನ್ನೆಗಿಂತ ಚಿಕ್ಕ ಸಂಖ್ಯೆ ಬರುತ್ತದೆ. ಅನುಪಾತ ಬರುತ್ತದೆ. ಅಂಕಿಯ ಜಾಗದಲ್ಲಿ ಅಕ್ಷರ ಬಂದು ಕೂರುತ್ತದೆ. ಇಷ್ಟು ದಿನ ಕೈಬೆರಳಲ್ಲಿ ಎಣಿಸಿ ತೋರಿಸಬಹುದಾಗಿದ್ದ ಲೆಕ್ಕ ಇನ್ನು ಮೇಲೆ ಬೆರಳಿಗೆ ಸಿಗುವುದಿಲ್ಲ. ನೀವು ಕೈಬಿಡುವುದೂ ಸರಿಯಾಗಿ ಇಲ್ಲೇ.

ನನ್ನ ಒಬ್ಬ ವಿದ್ಯಾರ್ಥಿನಿಯ ಅಮ್ಮನ ವಿಷಯ ಹೇಳಬೇಕು. ಹೆಸರು ಹೇಳುವುದಿಲ್ಲ. ಅವರು ಓದಿದ್ದು ನಾಲ್ಕನೇ ತರಗತಿ. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇವತ್ತು ಶಾಲೇಲಿ ಹೊಸಾದು ಏನು ಹೇಳಿದ್ರು, ನಂಗೂ ಹೇಳ್ಕೊಡು" ಅಂತ ಕೇಳುತ್ತಿದ್ದರು. ಒಂದು ದಿನ ಮಗಳು ಋಣ ಸಂಖ್ಯೆ ಹೇಳಿಕೊಡಲು ಹೊರಟಳು. ಅಮ್ಮನಿಗೆ ಹತ್ತಲಿಲ್ಲ. "ಸೊನ್ನೆಗಿಂತ ಕಮ್ಮಿ ಹೆಂಗೆ ಇರ್ತದೆ?" ಎಂದರು. ಮಗಳು ಯೋಚನೆ ಮಾಡಿ ಅವರ ಮನೆಯ ರಿಂಗ್ ಬಾವಿಯನ್ನು ತೋರಿಸಿದಳು. ನೆಲದ ಮಟ್ಟ ಸೊನ್ನೆ. ಕೆಳಗೆ ಒಂದೊಂದು ರಿಂಗೂ ಋಣ ಒಂದು, ಋಣ ಎರಡು, ಋಣ ಮೂರು. ಏಪ್ರಿಲ್‌ನಲ್ಲಿ ನೀರು ಋಣ ಹನ್ನೆರಡರಲ್ಲಿತ್ತು, ಜುಲೈಯಲ್ಲಿ ಋಣ ಮೂರಕ್ಕೆ ಬಂತು. ಆಗ ಅಮ್ಮ ಕೇಳಿದರಂತೆ: "ಹಂಗಾದ್ರೆ ಮೂರು ದೊಡ್ಡದಾ, ಹನ್ನೆರಡು ದೊಡ್ಡದಾ?"

ಮರುದಿನ ಆ ಹುಡುಗಿ ನನ್ನ ಹತ್ತಿರ ಅದೇ ಪ್ರಶ್ನೆ ತಂದಳು. ಆ ಪಾಠದ ತಿರುಳೇ ಆ ಪ್ರಶ್ನೆ. ಹತ್ತು ಮಕ್ಕಳಲ್ಲಿ ಏಳು ಮಂದಿ ಎಡವುವುದು ಅಲ್ಲೇ. ನೀರು ಮೇಲೆ ಬಂದಿದೆ, ಆದ್ದರಿಂದ ಋಣ ಮೂರೇ ದೊಡ್ಡದು ಎಂದು ಅವಳು ತಾನೇ ಕಂಡುಕೊಂಡಳು. ಅಂದಿನಿಂದ ನಾನೂ ಬಾವಿಯಿಂದಲೇ ಆ ಪಾಠ ಶುರು ಮಾಡುತ್ತೇನೆ. ಆ ಅಮ್ಮನಿಗೆ ಉತ್ತರ ಗೊತ್ತಿರಲಿಲ್ಲ. ಆದರೆ ಎದ್ದು ಹೋಗಲಿಲ್ಲ.

ನೀವು ಮಾಡಬೇಕಾದ್ದೂ ಅಷ್ಟೆ. "ನಂಗೆ ತಿಳಿಯಲ್ಲ, ನಿನ್ನ ಮೇಷ್ಟ್ರನ್ನ ಕೇಳು" ಅನ್ನುವುದರ ಬದಲು "ನಂಗೆ ತಿಳಿಯಲ್ಲ, ನೀನೇ ಹೇಳ್ಕೊಡು" ಅನ್ನಿ. ಹೇಳಿಕೊಡಲು ಹೋದ ಮಗುವಿಗೆ ತನಗೆಲ್ಲಿ ಅರ್ಥವಾಗಿಲ್ಲ ಎಂಬುದು ತಾನಾಗಿ ಗೊತ್ತಾಗುತ್ತದೆ. ಅದನ್ನು ಹೊತ್ತುಕೊಂಡು ಅದು ನಮ್ಮ ಹತ್ತಿರ ಬರುತ್ತದೆ. ದಿನಕ್ಕೆ ಹದಿನೈದು ನಿಮಿಷ ಸಾಕು, ಬಚ್ಚಲೊಲೆ ಮುಂದೆ ಕೂತಾದರೂ ಸೈ.

ಈಗ ಮಳೆಗಾಲ, ಇನ್ನೊಂದು ಕೆಲಸವೂ ಆಗಬಹುದು. ಪೇಪರಿನಲ್ಲಿ ದಿನಾ ಜಲಾಶಯದ ಮಟ್ಟ ಹಾಕುತ್ತಾರೆ. ಲಿಂಗನಮಕ್ಕಿ ತುಂಬಿದರೆ ಸಮುದ್ರ ಮಟ್ಟದಿಂದ 1819 ಅಡಿ, ಭದ್ರಾ ತಳದಿಂದ 186 ಅಡಿ. ಇವತ್ತಿನ ಮಟ್ಟ ಎಷ್ಟು, ನಿನ್ನೆಗಿಂತ ಎಷ್ಟು ಏರಿತು, ತುಂಬಲು ಇನ್ನೆಷ್ಟು ಬೇಕು ಎಂದು ಮಗು ಹಳೇ ಕ್ಯಾಲೆಂಡರಿನ ಹಿಂದೆ ಬರೆಯುತ್ತಾ ಹೋಗಲಿ. ಒಂದು ತಿಂಗಳು ಬರೆದರೆ ಗಣಿತ ಪುಸ್ತಕದ ದತ್ತಾಂಶದ ಪಾಠ ಅರ್ಧ ಮುಗಿದಂತೆ. ಇಲ್ಲಿ ಕೂತವರಲ್ಲಿ ಕೆಲವರ ಅಜ್ಜನ ಮನೆ ಆ ಜಲಾಶಯದ ನೀರಿನಡಿಗೆ ಹೋಗಿದೆ. ಅದನ್ನೂ ಆಗ ಹೇಳಿ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಅಣೆಕಟ್ಟು ಇರುತ್ತದೆ, ನಿಮ್ಮ ಅಜ್ಜನ ಮನೆ ಇರುವುದಿಲ್ಲ.

ಇನ್ನು ದಾರಿಯ ವಿಷಯ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ನಿಯಮದ ಪ್ರಕಾರ ಐದನೇ ತರಗತಿವರೆಗಿನ ಶಾಲೆ 1 ಕಿಲೋಮೀಟರ್ ಒಳಗಿರಬೇಕು, ಆರರಿಂದ ಎಂಟರವರೆಗಿನದು 3 ಕಿಲೋಮೀಟರ್ ಒಳಗೆ. ಬಯಲುಸೀಮೆಯಲ್ಲಿ 3 ಕಿಲೋಮೀಟರ್ ಎಂದರೆ ಒಂದು ನೇರ ರಸ್ತೆ. ನಮ್ಮಲ್ಲಿ ಹಾಗಲ್ಲ. ತೋಟ ದಾಟಬೇಕು, ಗುಡ್ಡ ಏರಿ ಇಳಿಯಬೇಕು, ಹಳ್ಳಕ್ಕೆ ಕಾಲುಸಂಕ, ಕಾಲಿಗೆ ಉಂಬಳ. ನಮ್ಮದು ಒಂಟಿ ಮನೆಗಳ ಊರು, ಜೊತೆಗೆ ನಡೆಯಲು ಪಕ್ಕದ ಮನೆಯ ಮಗುವೇ ಇರುವುದಿಲ್ಲ. ಊರಿನ ಕಿರಿಯ ಪ್ರಾಥಮಿಕ ಶಾಲೆ ಮುಗಿಸಿ ಈ ವರ್ಷ ಇಲ್ಲಿಗೆ ಬಂದ ಮಕ್ಕಳಿಗೆ ಪುಸ್ತಕಕ್ಕಿಂತ ದೊಡ್ಡ ಬದಲಾವಣೆ ಈ ದಾರಿಯೇ.

ಇದರಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ದಿನಾ ಮೊದಲ ಪೀರಿಯಡ್ ಅರ್ಧ ಆದ ಮೇಲೆ ಬರುತ್ತಿದ್ದ. ಬಂದವನು ತೂಕಡಿಸುತ್ತಿದ್ದ. ಎಲ್ಲರ ಮುಂದೆ ಅವನನ್ನು ಸೋಮಾರಿ ಎಂದೆ. ಆಗಸ್ಟ್‌ನಲ್ಲಿ ಒಂದು ದಿನ ಅವನ ಮನೆಗೆ ಹೋದೆ. ಹಳ್ಳದಲ್ಲಿ ನೀರು ಏರಿದ ದಿನ ಅವನು ಕಾಲುಸಂಕ ಬಿಟ್ಟು ಸುತ್ತಿ ಬರುತ್ತಿದ್ದ, ಒಂದೂಕಾಲು ಗಂಟೆ ನಡಿಗೆ. ಹಾಗೆ ಸುತ್ತಿ ಬಾ ಎಂದು ಹೇಳಿದ್ದು ಅವನ ಅಪ್ಪಯ್ಯ, ಸರಿಯಾಗಿಯೇ ಹೇಳಿದ್ದರು. ಅದನ್ನು ನನಗೆ ಒಂದು ಮಾತು ತಿಳಿಸಬಹುದಿತ್ತು, ನಾನೂ ಒಂದು ಮಾತು ಕೇಳಬಹುದಿತ್ತು. ಇಬ್ಬರೂ ಸುಮ್ಮನಿದ್ದೆವು, ಬೈಗುಳ ತಿಂದಿದ್ದು ಹುಡುಗ. ದಯವಿಟ್ಟು ಹೇಳಿ. ನೀರು ಏರಿದ ದಿನ ತಡವಾಗಿ ಬರಲಿ, ಬರದೇ ಇರಲಿ, ಪರವಾಗಿಲ್ಲ. ಸಂಕ ದಾಟಿಸಬೇಡಿ. ಪಾಠವನ್ನು ಶನಿವಾರ ಕೂತು ಮುಗಿಸಬಹುದು.

ಶನಿವಾರ ಎಂದಾಗ ನೆನಪಾಯಿತು. ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ, 1000 ಗಂಟೆ ಪಾಠ ಆಗಬೇಕು ಎಂದು ಕಾಯ್ದೆ ಹೇಳುತ್ತದೆ. ಐದನೇ ತರಗತಿವರೆಗೆ ಅದು 200 ದಿನ, 800 ಗಂಟೆ. ಜುಲೈಯಲ್ಲಿ ಮಳೆ ರಜೆ ಕೊಟ್ಟ ದಿನಗಳನ್ನು ಆಮೇಲೆ ತುಂಬಿಸುತ್ತೇವೆ. "ಶನಿವಾರ ಮಧ್ಯಾಹ್ನವೂ ಯಾಕೆ ಶಾಲೆ" ಎಂದು ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ.

ಈ ಲೆಕ್ಕ ಇಟ್ಟುಕೊಂಡೇ ಇನ್ನೊಂದು ಮಾತು. ಇದು ಅಪ್ಪಂದಿರೂ ಕೇಳಬೇಕಾದ್ದು. ಆರು, ಏಳನೇ ತರಗತಿಯಲ್ಲಿ ಹೆಚ್ಚಿನ ಹೆಣ್ಣುಮಕ್ಕಳು ದೊಡ್ಡವರಾಗುತ್ತಾರೆ. ಮುಟ್ಟಾದಾಗ ಮೂರು ದಿನ ಶಾಲೆಗೆ ಕಳಿಸದ ಮನೆಗಳು ನಮ್ಮಲ್ಲಿ ಇನ್ನೂ ಇವೆ. ತಿಂಗಳಿಗೆ ಮೂರು, ಹತ್ತು ತಿಂಗಳಿಗೆ ಮೂವತ್ತು. 220ರಲ್ಲಿ 30 ದಿನ ಹೋದರೆ ಆ ಮಗು ಒಂದು ತಿಂಗಳಿಗೂ ಹೆಚ್ಚು ಪಾಠ ಕಳೆದುಕೊಂಡಂತೆ, ಅದೂ ಅಲ್ಲೊಂದು ಇಲ್ಲೊಂದು ತುಂಡು. ಭಿನ್ನರಾಶಿಯ ಮೊದಲ ದಿನ ಇದ್ದು, ಎರಡನೇ ದಿನ ಇಲ್ಲದಿದ್ದರೆ ಮೂರನೇ ದಿನ ಕೂತು ಏನು ಪ್ರಯೋಜನ? ಹೊಟ್ಟೆನೋವಿದ್ದರೆ ಮಲಗಲಿ, ಅದು ಬೇರೆ. ಆಚಾರಕ್ಕಾಗಿ ನಿಲ್ಲಿಸಬೇಡಿ. ನಿಲ್ಲಿಸುವುದಕ್ಕೆ ಕಾರಣ ಶಾಲೆಯ ಶೌಚಾಲಯ ಎಂದಾದರೆ, ನೀರಿಲ್ಲ, ಬಾಗಿಲ ಚಿಲಕ ಇಲ್ಲ ಎಂದಾದರೆ, ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಗಟ್ಟಿಯಾಗಿ ಕೇಳಿ. ನಾನೂ ನಿಮ್ಮ ಜೊತೆ ಕೇಳುತ್ತೇನೆ.

ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತೇವೆ. ಚಿಕ್ಕವರಿಗೆ ಗುಲಾಬಿ, ಈ ವಯಸ್ಸಿನವರಿಗೆ ನೀಲಿ. ಊಟ ಆದ ಮೇಲೆ ನುಂಗಬೇಕು. ಮರುದಿನ ಮಲ ಕಪ್ಪಾದರೆ ಹೆದರಬೇಡಿ, ಕಬ್ಬಿಣಾಂಶದಿಂದ ಹಾಗೇ ಆಗುತ್ತದೆ. ಗಂಡುಮಕ್ಕಳಿಗೂ ಅದು ಬೇಕು. ಹುಡುಗರ ಸಿಟ್ಟು, ಒಡೆದ ಧ್ವನಿ, ಕನ್ನಡಿ ಮುಂದೆ ನಿಲ್ಲುವುದು, ಎದುರು ಮಾತು, ಇವೆಲ್ಲ ಬರುತ್ತವೆ. ಬರಲಿ.

ಮೌಲ್ಯಮಾಪನದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಈಗ ಜೂನ್‌ನಲ್ಲಿ ಸೇತುಬಂಧ ನಡೆಯುತ್ತಿದೆ. ಹಿಂದಿನ ತರಗತಿಯಲ್ಲಿ ಬಿಟ್ಟುಹೋದದ್ದನ್ನು ಕಟ್ಟಿಕೊಡುವ ಕೆಲಸ ಅದು. "ಇನ್ನೂ ಪಾಠವೇ ಶುರು ಮಾಡಿಲ್ಲ" ಎಂದುಕೊಳ್ಳಬೇಡಿ. ವರ್ಷದಲ್ಲಿ ನಾಲ್ಕು ಎಫ್‌ಎ, ಅಂದರೆ ಪಾಠದ ನಡುನಡುವೆ ಮಾಡುವ ಮೌಲ್ಯಮಾಪನ, ಎರಡು ಎಸ್‌ಎ, ಅಂದರೆ ಅರ್ಧವರ್ಷಕ್ಕೊಮ್ಮೆ ಬರುವ ಪರೀಕ್ಷೆ ಇರುತ್ತವೆ. ಚಟುವಟಿಕೆ, ಪ್ರಾಜೆಕ್ಟ್ ಎಲ್ಲ ಎಫ್‌ಎಯಲ್ಲಿ ಲೆಕ್ಕಕ್ಕೆ ಬರುತ್ತದೆ. ಪ್ರಾಜೆಕ್ಟ್ ಎಂದರೆ ಪೇಟೆಗೆ ಹೋಗಿ ಚಾರ್ಟ್ ಕೊಂಡು, ಚಿತ್ರ ಪ್ರಿಂಟ್ ತೆಗೆಸಿ ಅಂಟಿಸುವುದಲ್ಲ. ನಿಮ್ಮ ತೋಟದ ಐದು ಬಗೆ ಎಲೆ ತಂದರೆ ನನಗೆ ಹೆಚ್ಚು ಸಂತೋಷ. ಪ್ರಗತಿ ಪತ್ರದಲ್ಲಿ ಎ ಬಂತಾ ಬಿ ಬಂತಾ ಎಂದು ನೋಡಿ ಸಹಿ ಹಾಕಿಬಿಡಬೇಡಿ. ಮಕ್ಕಳ ಕಲಿಕೆಯನ್ನು ಪೋಷಕರಿಗೆ ತೋರಿಸುವ "ಸಮುದಾಯದತ್ತ ಶಾಲೆ" ದಿನ ಬಂದು ಉತ್ತರ ಪತ್ರಿಕೆಯನ್ನೇ ಕೇಳಿ ಬಿಡಿಸಿ ನೋಡಿ. ಎಲ್ಲಿ ಖಾಲಿ ಬಿಟ್ಟಿದೆ ಎಂದು ಓದು ಬಾರದವರಿಗೂ ಕಾಣುತ್ತದೆ.

ವಿಷಯಕ್ಕೊಬ್ಬ ಶಿಕ್ಷಕರು ಇರಬೇಕಾದ ತರಗತಿ ಇದು. ನಮ್ಮ ಕಡೆಯ ಎಷ್ಟೋ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದು, ಒಬ್ಬರೇ ಎರಡು ತರಗತಿಯನ್ನು ಒಟ್ಟಿಗೆ ಕೂರಿಸಿ ಪಾಠ ಮಾಡುತ್ತಾರೆ. ಇದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ಮನೆಯ ಹದಿನೈದು ನಿಮಿಷಕ್ಕೆ ಇಷ್ಟು ಬೆಲೆ.

ಕೊನೆಯದಾಗಿ, ನವೋದಯ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆದು ಸೀಟು ಸಿಗದೇ ಇರುವ ಮಕ್ಕಳ ವಿಷಯ. ಈ ತರಗತಿಯಲ್ಲಿ ಅಂಥವರು ನಾಲ್ವರಿದ್ದಾರೆ. ಕಳೆದ ವರ್ಷವಿಡೀ ಬೆಳಿಗ್ಗೆ ಎದ್ದು ಓದಿದರು. ಗಾಜನೂರಿನ ನವೋದಯಕ್ಕೆ ಇಡೀ ಜಿಲ್ಲೆಯಿಂದ ವರ್ಷಕ್ಕೆ ತೆಗೆದುಕೊಳ್ಳುವುದು ಹೆಚ್ಚೆಂದರೆ 80 ಮಕ್ಕಳನ್ನು. ಮೊರಾರ್ಜಿ ವಸತಿ ಶಾಲೆಯದ್ದೂ ಸೀಟು ಎಣಿಸಿದಷ್ಟೇ. ಸಿಗದಿದ್ದದ್ದು ಸೋಲಲ್ಲ ಎಂದು ನನಗೂ ನಿಮಗೂ ಗೊತ್ತು, ಹನ್ನೊಂದು ವರ್ಷದವರಿಗೆ ಗೊತ್ತಿಲ್ಲ. ಕಳೆದ ವಾರ ಒಬ್ಬ ಹುಡುಗ, "ಟೀಚರ್, ನಾನು ಉಳಿದವನಲ್ವಾ" ಎಂದ. ಮನೆಯಲ್ಲಿ ಯಾರೋ ಹಾಗೆ ಅಂದಿರಬೇಕು. ನೆಂಟರ ಮುಂದೆ ಆ ಮಾತು ಎತ್ತಬೇಡಿ. ಅವನು ಓದಿದ್ದೆಲ್ಲ ಅವನ ಹತ್ತಿರವೇ ಇದೆ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರುತ್ತದೆ. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ನಾಲ್ಕು ವರ್ಷ, ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಈಗಿನ ತಯಾರಿ ಅಲ್ಲಿ ಕೆಲಸಕ್ಕೆ ಬರುತ್ತದೆ. ಅಂದಹಾಗೆ ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿಟ್ಟುಕೊಳ್ಳಿ.

ನಾಳೆಯಿಂದ ಎನ್ನಬೇಡಿ, ಇವತ್ತೇ ರಾತ್ರಿ ಕೇಳಿ. ಆರನೇ ತರಗತಿಗೆ ಇವತ್ತು ನಾನು ಒಂದು ಲೆಕ್ಕ ಕೊಟ್ಟಿದ್ದೇನೆ, ಅದು ಅವರ ಮನೆಯ ಬಾವಿಯದ್ದೇ. ಬಾವಿ ಇಲ್ಲದ ಮನೆಯವರು ಹಳ್ಳದ ಕಲ್ಲಿನ ಮೇಲೆ ಗುರುತು ಹಾಕಿಕೊಂಡಿದ್ದಾರೆ. ಏನದು ಎಂದು ಅವರೇ ನಿಮಗೆ ಹೇಳಿಕೊಡಬೇಕು, ನಾನು ಇಲ್ಲಿ ಹೇಳುವುದಿಲ್ಲ.

ಹಿಂದೆ ಕಿಟಕಿ ಹತ್ತಿರ ಕೂತ ಅಜ್ಜಿ ಆಗಿನಿಂದ ಕೈ ಎತ್ತಿದ್ದಾರೆ. ಅಜ್ಜೀ, ಮೊದಲು ನೀವು ಕೇಳಿ.