ಜುನೈದ್ ಜಮ್ಶೇದ್ ಬಿಟ್ಟಿದ್ದು ಹಾಡನ್ನೋ, ವಾದ್ಯವನ್ನೋ?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೂ ಕೇಳ್ತಿದೆ ಅಲ್ವಾ? ಸರಿ.

2002ರಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ತನ್ನ ಕೇಳುಗರಿಂದ ಓಟು ಹಾಕಿಸಿ, ಜಗತ್ತಿನ ಅಚ್ಚುಮೆಚ್ಚಿನ ಹಾಡು ಯಾವುದು ಅಂತ ಆರಿಸಿತ್ತು. ಮೊದಲ ಸ್ಥಾನ ಐರ್ಲೆಂಡಿನ ಹಾಡೊಂದಕ್ಕೆ ಸಿಕ್ಕಿತು. ಎರಡನೆಯದು ನಮ್ಮ ವಂದೇ ಮಾತರಂಗೆ. ಅದರ ಬೆನ್ನಿಗೇ ಮೂರನೆಯದಾಗಿ ಬಂದಿದ್ದು 'ದಿಲ್ ದಿಲ್ ಪಾಕಿಸ್ತಾನ್'. ಪಕ್ಕದ ಮನೆಯವರು ಓಟಿನಲ್ಲೂ ಪಕ್ಕದಲ್ಲೇ ನಿಂತಿದ್ದರು ನೋಡಿ. ಆ ಹಾಡು ಹಾಡಿದ ಜುನೈದ್ ಜಮ್ಶೇದ್ ಮುಂದೆ ಎರಡೇ ವರ್ಷಕ್ಕೆ ಪಾಪ್ ಸಂಗೀತಕ್ಕೆ ಕೈಮುಗಿದು ಹೊರಟುಬಿಟ್ಟರು. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ಅವರ ಬಗ್ಗೆ.

ಜುನೈದ್ ಹುಟ್ಟಿದ್ದು 1964ರಲ್ಲಿ, ಕರಾಚಿಯಲ್ಲಿ. ತಂದೆ ವಾಯುಪಡೆಯಲ್ಲಿದ್ದರು. ಮಗ ಲಾಹೋರ್‌ನಲ್ಲಿ ಎಂಜಿನಿಯರಿಂಗ್ ಓದಿದ. ಓದುವಾಗಲೇ ಹಾಡಿನ ಹುಚ್ಚು ಹಿಡಿಯಿತು. ರೊಹೇಲ್ ಹಯಾತ್, ಶಹಜಾದ್ ಹಸನ್, ನುಸ್ರತ್ ಹುಸೇನ್ ಜೊತೆ ಸೇರಿ 'ವೈಟಲ್ ಸೈನ್ಸ್' ಅನ್ನೋ ಬ್ಯಾಂಡ್ ಆಯಿತು. 1987ರ ಆಗಸ್ಟ್ 14ರ ಹೊತ್ತಿಗೆ ಅವರ 'ದಿಲ್ ದಿಲ್ ಪಾಕಿಸ್ತಾನ್' ಹಾಡು ಪಾಕಿಸ್ತಾನದ ಟೀವಿಯಲ್ಲಿ ಬಂತು. ಆಗ ಸೇನಾಡಳಿತಗಾರ ಜನರಲ್ ಜಿಯಾ ಉಲ್ ಹಕ್ ಆಡಳಿತದ ಕಾಲ, ಸರ್ಕಾರಿ ಟೀವಿ ಬಿಟ್ಟರೆ ಬೇರೆ ಚಾನೆಲ್ ಇಲ್ಲ, ಅದರಲ್ಲಿ ತೋರಿಸೋದೆಲ್ಲ ಮಡಿಮಡಿ. ಅಂಥದ್ದರಲ್ಲಿ ಜೀನ್ಸ್ ಹಾಕಿಕೊಂಡ ನಾಲ್ಕು ಹುಡುಗರು ಬೈಕು, ಜೀಪು ಹತ್ತಿ ಹಸಿರು ಗುಡ್ಡದ ನಡುವೆ ಹಾಡಿಕೊಂಡು ಹೋಗ್ತಾರೆ. ಹಾಡಿರೋದು ದೇಶಭಕ್ತಿ, ಬೇಡ ಅನ್ನೋದು ಹೇಗೆ? ದೇಶದ ಹೆಸರಲ್ಲಿ ಪಾಪ್ ಸಂಗೀತ ಹಿಂಬಾಗಿಲಿಂದ ಒಳಗೆ ಬಂತು.

ಆಮೇಲಿನ ಕತೆ ಚುಟುಕಾಗಿ ಹೇಳ್ತೀನಿ. ಆಲ್ಬಮ್‌ಗಳು, ಪ್ರವಾಸ, ತಂಪು ಪಾನೀಯದ ಜಾಹೀರಾತು. 90ರ ದಶಕದ ಕೊನೆಗೆ ಬ್ಯಾಂಡ್ ಚದುರಿತು, ಜುನೈದ್ ಒಬ್ಬರೇ ಹಾಡತೊಡಗಿದರು. ಅದೇ ಸಮಯಕ್ಕೆ ಊರೂರು ತಿರುಗಿ ಧರ್ಮದ ಮಾತು ಹೇಳೋ ತಬ್ಲೀಗ್ ಜಮಾತ್ ಅನ್ನೋ ಸಂಘಟನೆಯ ಸಂಗ, ಅದರ ಪ್ರವಚನಕಾರ ಮೌಲಾನಾ ತಾರಿಕ್ ಜಮೀಲ್ ಅವರ ಒಡನಾಟ ಶುರುವಾಯಿತು. ಒಂದೇ ರಾತ್ರಿಯಲ್ಲಿ ಮನಸ್ಸು ತಿರುಗಿತು ಅಂತ ಹೇಳೋರಿದ್ದಾರೆ, ನಂಬಬೇಡಿ. ಒಂದು ಕಾಲು ಸ್ಟೇಜ್ ಮೇಲೆ, ಇನ್ನೊಂದು ಮಸೀದಿಯಲ್ಲಿ, ಹೀಗೆ ವರ್ಷಗಟ್ಟಲೆ ಎಳೆದಾಡಿ 2004ರಲ್ಲಿ ಪೂರ್ತಿ ಬಿಟ್ಟರು. 2005ರಲ್ಲಿ 'ಜಲ್ವಾ ಏ ಜಾನಾಂ' ಅನ್ನೋ ಆಲ್ಬಮ್ ಬಂತು. ಅದರಲ್ಲಿರೋದು ನಾತ್, ಹಮ್ದ್ ಇಂಥವು. ಹಮ್ದ್ ಅಂದರೆ ದೇವರನ್ನು ಹೊಗಳೋದು, ನಾತ್ ಅಂದರೆ ಪ್ರವಾದಿಯನ್ನು.

ನನಗೆ ಕುತೂಹಲ ಇರೋದು ಇಲ್ಲೇ. ಎಲ್ಲರೂ 'ಹಾಡೋದು ಬಿಟ್ಟರು' ಅಂತಾರೆ. ಎಲ್ಲಿ ಬಿಟ್ಟರು? ಸಾಯೋವರೆಗೂ ಹಾಡಿದರು. ಬಿಟ್ಟಿದ್ದು ವಾದ್ಯವನ್ನ. ನಮ್ಮ ಪುರಂದರದಾಸರ ಕತೆ ಗೊತ್ತಲ್ಲ, ಸಿರಿವಂತಿಕೆ ಬಿಟ್ಟು ಬೀದಿಗಿಳಿದಾಗ ಅವರು ತಂಬೂರಿ ಹಿಡಿದರು. ಇಲ್ಲಿ ಉಲ್ಟಾ, ಭಕ್ತಿಗೆ ಬಂದವರು ವಾದ್ಯ ಕೆಳಗಿಟ್ಟರು.

ಹಾಗಂತ ಇಸ್ಲಾಂನಲ್ಲಿ ವಾದ್ಯವೇ ಇಲ್ಲ ಅಂತ ದಯವಿಟ್ಟು ತಿಳಿಯಬೇಡಿ. ಅದೇ ಪಾಕಿಸ್ತಾನದಲ್ಲಿ ನುಸ್ರತ್ ಫತೇ ಅಲಿ ಖಾನ್ ಹಾರ್ಮೋನಿಯಂ, ತಬಲಾ ಇಟ್ಟುಕೊಂಡೇ ಖವ್ವಾಲಿ ಹಾಡಿದರು, ದರ್ಗಾಗಳಲ್ಲಿ ಇವತ್ತಿಗೂ ಹಾಡ್ತಾರೆ, ಕೇಳುವವರು ಕಣ್ಣೀರು ಹಾಕ್ತಾರೆ. ತಬ್ಲೀಗ್‌ನವರದು ನಮ್ಮ ಉತ್ತರ ಪ್ರದೇಶದ ದೇವಬಂದ್ ಮದರಸಾ ಕಡೆಯ ಆಲೋಚನೆ, ಅವರಿಗೆ ವಾದ್ಯ ಸಲ್ಲದು. ಕೆಲವು ಪಂಡಿತರು ದಫ್, ಅಂದರೆ ಕೈಯಲ್ಲಿ ಹಿಡಿದು ಬಾರಿಸೋ ತಮಟೆಯಂಥ ವಾದ್ಯ, ಅದೊಂದಕ್ಕೆ ಒಪ್ಪಿಗೆ ಕೊಡ್ತಾರೆ. ಈ ಜಗಳ ಶತಮಾನಗಳಷ್ಟು ಹಳೆಯದು, ನಾವಿಲ್ಲಿ ಕೂತು ಬಗೆಹರಿಸೋದು ಬೇಡ. ಇಂಗ್ಲೆಂಡಿನ ಕ್ಯಾಟ್ ಸ್ಟೀವನ್ಸ್, ಅಂದರೆ ಯೂಸುಫ್ ಇಸ್ಲಾಂ, 1977ರಲ್ಲಿ ಮುಸ್ಲಿಮರಾಗಿ ಗಿಟಾರುಗಳನ್ನೇ ಹರಾಜು ಹಾಕಿದ್ದರು. ಬಹಳ ವರ್ಷ ಡ್ರಮ್ ಬಿಟ್ಟು ಬೇರೇನೂ ಇಟ್ಟುಕೊಳ್ಳಲಿಲ್ಲ. ಒಮ್ಮೆ ಮಗ ಮನೆಗೆ ಗಿಟಾರ್ ತಂದ, ಕೈ ಮತ್ತೆ ತಂತಿಗೆ ಹೋಯಿತು, 2006ರಲ್ಲಿ ಪಾಪ್ ಆಲ್ಬಮ್ಮೇ ಬಂತು. ಜುನೈದ್ ಹಾಗೆ ಹಿಂದಿರುಗಲಿಲ್ಲ.

ವಾದ್ಯ ತೆಗೆದುಬಿಟ್ಟರೆ ಪಾಪ್ ಹಾಡುಗಾರನಿಗೆ ಏನಾಗುತ್ತೆ ಯೋಚಿಸಿ. ಹಿಂದೆ ಕೀಬೋರ್ಡ್ ಇದ್ದಾಗ ಸಾಲು ಮುಗಿದ ಮೇಲೆ ಸುಮ್ನೆ ನಿಂತರೂ ನಡೆಯುತ್ತಿತ್ತು, ಆ ಖಾಲಿ ಜಾಗವನ್ನು ಸಂಗೀತ ತುಂಬುತ್ತಿತ್ತು. ಈಗ ತುಂಬೋದು ಯಾರು? ಸಾಲು ಮುಗಿದರೆ ಮೌನ. ಉಸಿರು ಎಳೆದುಕೊಳ್ಳೋದೂ ಕೇಳುತ್ತೆ. ಶ್ರುತಿ ಒಂಚೂರು ಜಾರಿದರೂ ಮುಚ್ಚಿಕೊಳ್ಳೋಕೆ ಜಾಗ ಇಲ್ಲ. ಪಾಕಿಸ್ತಾನದ ಧರ್ಮಪಂಡಿತ ಮುಫ್ತಿ ತಖಿ ಉಸ್ಮಾನಿ ಬರೆದ ಒಂದು ಪ್ರಾರ್ಥನೆ ಇದೆ, ದೇವರ ಹೊಸ್ತಿಲಲ್ಲಿ ಭಿಕ್ಷುಕನಾಗಿ ನಿಂತವನ ಮೊರೆ. ಜುನೈದ್ ದನಿಯಲ್ಲಿ ಅದನ್ನು ಕೇಳಿದಾಗ ನನಗೆ ಅನಿಸಿದ್ದು, ಪದ ಎಳೆಯೋ ರೀತಿ, ಸಾಲಿನ ಕೊನೆಯಲ್ಲಿ ದನಿ ಮೆತ್ತಗಾಗೋದು, ಎಲ್ಲ ಹಳೆಯ ಪ್ರೇಮಗೀತೆ ಹಾಡಿದ ಹುಡುಗನದೇ. ಪಾಪ್‌ನಲ್ಲಿ ಕಲಿತಿದ್ದನ್ನ ಅವರು ಬಿಟ್ಟು ಬಂದಿರಲಿಲ್ಲ. ಇದನ್ನು ಹೇಳಿದರೆ ಎರಡೂ ಕಡೆಯವರಿಗೆ ಸಿಟ್ಟು ಬರುತ್ತೆ, ಬರಲಿ.

ಇನ್ನು 'ಖ್ಯಾತಿ ತೊರೆದರು' ಅನ್ನೋ ಮಾತು. ಅದೂ ನನಗೆ ಅಷ್ಟು ಸರಿ ಕಾಣಲ್ಲ. 2002ರಲ್ಲೇ ಶುರು ಮಾಡಿದ್ದ 'ಜೆ ಡಾಟ್' ಬಟ್ಟೆ ಅಂಗಡಿ ದೊಡ್ಡದಾಗಿ ಬೆಳೆಯಿತು. ರಂಜಾನ್ ಬಂತೆಂದರೆ ಟೀವಿಯಲ್ಲಿ ಅವರೇ. ಖ್ಯಾತಿ ಬಿಡ್ತೀನಿ ಅಂದರೂ ಅದು ಬಿಡಬೇಕಲ್ಲ! ಅದರ ಬಿಸಿಯೂ ತಟ್ಟಿತು. 2014ರಲ್ಲಿ ಪ್ರವಚನವೊಂದರಲ್ಲಿ ಪ್ರವಾದಿಯ ಪತ್ನಿಯ ಬಗ್ಗೆ ಆಡಿದ ಮಾತಿಗೆ ಧರ್ಮನಿಂದೆಯ ಕೇಸು ಬಿತ್ತು. ಕ್ಷಮೆ ಕೇಳಿದರು, ಕೆಲಕಾಲ ಬ್ರಿಟನ್‌ನಲ್ಲಿದ್ದರು. 2016ರ ಮಾರ್ಚ್‌ನಲ್ಲಿ ಇಸ್ಲಾಮಾಬಾದ್ ವಿಮಾನ ನಿಲ್ದಾಣದಲ್ಲಿ ಕೆಲವರು ಮೈಮೇಲೆ ಬಿದ್ದು ಹೊಡೆದರು. ಭಕ್ತಿಗೀತೆ ಹಾಡೋರಿಗೆ ಭಕ್ತರಿಂದಲೇ ಏಟು.

ಅದೇ ವರ್ಷ ತಬ್ಲೀಗ್ ಕೆಲಸಕ್ಕೆ ಅಂತ ಉತ್ತರದ ಚಿತ್ರಾಲ್‌ಗೆ ಹೋಗಿದ್ದರು. ಡಿಸೆಂಬರ್ 7ರಂದು ವಾಪಸ್ ಬರುವಾಗ ಇಸ್ಲಾಮಾಬಾದ್‌ಗೆ ಹೊರಟ ವಿಮಾನ ಹವೇಲಿಯಾನ್ ಹತ್ತಿರ ಬಿತ್ತು. ಅದರಲ್ಲಿದ್ದ 47 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಜುನೈದ್‌ಗೆ ಆಗ 52 ವರ್ಷ. ಕರಾಚಿಯಲ್ಲಿ ಕೊನೆಯ ನಮಾಜಿಗೆ ಸಾವಿರಾರು ಜನ ಸೇರಿದ್ದರು, ಮಣ್ಣು ಮಾಡಿದ್ದು ಅಲ್ಲಿನ ದಾರುಲ್ ಉಲೂಮ್ ಆವರಣದಲ್ಲಿ.

ನನ್ನ ಮಾತು ಜಾಸ್ತಿ ಆಯಿತು. ಈಗ ಎರಡು ತುಣುಕು ಕೇಳಿಸ್ತೀನಿ. ಮೊದಲನೆಯದು 1987ರ ಹಾಡು, ಎರಡನೆಯದು ನಾನು ಹೇಳಿದ ಆ ಪ್ರಾರ್ಥನೆ. ಉರ್ದು ಅರ್ಥ ಆಗದಿದ್ದರೂ ಪರವಾಗಿಲ್ಲ, ಎರಡನೆಯದರಲ್ಲಿ ಸಾಲು ಮುಗಿದ ಮೇಲಿನ ಜಾಗ ಗಮನಿಸಿ. ಫ್ಯಾನ್ ಸದ್ದು ಅಡ್ಡ ಬರುತ್ತೆ, ಐದು ನಿಮಿಷ ಯಾರಾದರೂ ಆರಿಸ್ತೀರಾ?