ದಮ್ಮಿದ್ದವರು ನಡೆಯಬಹುದಾ?

ಕೇಳುಗರೆಲ್ಲರಿಗೂ ನಮಸ್ಕಾರ.

ದಮ್ಮಿನ ಕಾಯಿಲೆಯವರು ಇರುವ ಮನೆಯಲ್ಲಿ ಈ ಮಾತು ದಿನಾ ಕೇಳುತ್ತದೆ: ‘ಅಪ್ಪಾ, ನೀವು ಏಳ್ಬೇಡಿ, ನಾನೇ ತಂದುಕೊಡ್ತೀನಿ.’ ಪ್ರೀತಿಯ ಮಾತೇ. ಆದರೆ ಸಿಓಪಿಡಿ, ಅಂದರೆ ಉಸಿರಿನ ಕೊಳವೆ ಕಿರಿದಾಗುವ ದೀರ್ಘಕಾಲದ ದಮ್ಮಿನ ಕಾಯಿಲೆ, ಇರುವವರಿಗೆ ಈ ಉಪಚಾರ ಜಾಸ್ತಿಯಾದರೆ ಕಷ್ಟ.

ಬೀಡಿ, ಸಿಗರೇಟು, ಸೌದೆ ಒಲೆಯ ಹೊಗೆ ವರ್ಷಗಟ್ಟಲೆ ಒಳಗೆ ಹೋಗಿ ಉಸಿರಿನ ಕೊಳವೆಗಳು ಕಿರಿದಾಗಿರುತ್ತವೆ. ಎಳೆದುಕೊಂಡ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಬಿರುಸಾಗಿ ನಡೆದರೆ ಹಳೆ ಗಾಳಿ ಖಾಲಿಯಾಗುವ ಮೊದಲೇ ಹೊಸದು ನುಗ್ಗುತ್ತದೆ, ಏದುಸಿರು ಬರುತ್ತದೆ. ಹೆದರಿ ಕೂತುಬಿಡುತ್ತಾರೆ. ಕೂತಲ್ಲೇ ಕೂತರೆ ತೊಡೆಯ ಸ್ನಾಯು ಸೊರಗುತ್ತದೆ. ಸೊರಗಿದ ಕಾಲಿಗೆ ಸಣ್ಣ ಕೆಲಸವೂ ಭಾರ, ಅದಕ್ಕೇ ಇನ್ನಷ್ಟು ಉಸಿರು ಬೇಕು. ಮೊದಲು ಬೀದಿಯ ಕೊನೆಯವರೆಗೆ ಹೋಗುತ್ತಿದ್ದವರು ಆಮೇಲೆ ಗೇಟಿನವರೆಗೆ, ಕೊನೆಗೆ ಬಚ್ಚಲಮನೆಗೂ ಗೋಡೆ ಹಿಡಿಯಬೇಕಾಗುತ್ತದೆ.

ನಡೆದರೆ ಶ್ವಾಸಕೋಶ ಮೊದಲಿನ ಹಾಗೆ ಆಗುತ್ತದಾ? ಇಲ್ಲ, ಸುಮ್ನೆ ಆಸೆ ಹುಟ್ಟಿಸಬಾರದು. ಗಟ್ಟಿಯಾಗುವುದು ಕಾಲು. ಅದೇ ಶ್ವಾಸಕೋಶ, ಆದರೂ ಅಷ್ಟೇ ದೂರಕ್ಕೆ ಏದುಸಿರು ಕಡಿಮೆ.

ನಡೆಯುವಾಗ ಮೂಗಿನಿಂದ ಉಸಿರು ಎಳೆದುಕೊಳ್ಳಿ. ಸಿಳ್ಳೆ ಹಾಕುವ ಹಾಗೆ ತುಟಿ ಕಿರಿದು ಮಾಡಿ ನಿಧಾನ ಬಿಡಿ. ಎರಡು ಹೆಜ್ಜೆಗೆ ಎಳೆದರೆ ನಾಲ್ಕು ಹೆಜ್ಜೆಗೆ ಬಿಡುವುದು. ಸ್ವಲ್ಪ ಏದುಸಿರು ಬಂದರೆ ಗಾಬರಿ ಬೇಡ. ಮಾತಾಡಲು ಆಗುತ್ತಿದ್ದರೆ ಸರಿ, ಆಗದಿದ್ದರೆ ನಿಂತು, ಮುಂದಕ್ಕೆ ಬಾಗಿ, ಕೈ ಊರಿ ಸುಧಾರಿಸಿಕೊಳ್ಳಿ. ನಡಿಗೆಗೆ ಮೊದಲು ಇನ್ಹೇಲರ್ ತೆಗೆದುಕೊಳ್ಳಬೇಕಾ ಅಂತ ವೈದ್ಯರನ್ನು ಕೇಳಿಡಿ.

ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಪಲ್ಮನರಿ ರಿಹ್ಯಾಬಿಲಿಟೇಷನ್, ಅಂದರೆ ಶ್ವಾಸಕೋಶದ ಕಾಯಿಲೆಯವರಿಗೆ ವ್ಯಾಯಾಮ ಮಾಡಿಸುವ ತರಬೇತಿ ಇದೆ. 30 ಮೀಟರ್ ಉದ್ದದ ಕಾರಿಡಾರಿನಲ್ಲಿ 6 ನಿಮಿಷ ನಡೆಸಿ, ಎಷ್ಟು ದೂರ ಹೋದಿರಿ ಅಂತ ಅಳೆಯುತ್ತಾರೆ. ಸಾಮಾನ್ಯವಾಗಿ 6ರಿಂದ 12 ವಾರ ಅಭ್ಯಾಸ. ಬಿಟ್ಟರೆ ಗಳಿಸಿದ್ದು ಮೆಲ್ಲಗೆ ಕರಗುತ್ತದೆ.

ಇನ್ನೊಂದು ಚಾಳಿ ಇದೆ. ಬೆಳಗ್ಗೆ ಅರ್ಧ ಗಂಟೆ ವಾಕಿಂಗ್, ಆಮೇಲೆ ರಾತ್ರಿವರೆಗೂ ಟಿವಿ ಮುಂದೆ! ಜಾಹೀರಾತು ಬಂದಾಗಲಾದರೂ ಏಳಬಹುದು, ಅಲ್ವಾ? ಕೈ ಊರದೆ ಕುರ್ಚಿಯಿಂದ ನಾಲ್ಕೈದು ಸಲ ಎದ್ದು ಕೂತರೂ ತೊಡೆಗೆ ಒಳ್ಳೆ ಕೆಲಸ. ನನ್ನ ಈ ಮಾತನ್ನೂ ನಿಂತುಕೊಂಡೇ ಕೇಳಬಹುದು, ನನಗೇನೂ ಬೇಸರವಿಲ್ಲ.

ಎದೆನೋವು, ತಲೆಸುತ್ತು ಬಂದರೆ, ತುಟಿ ನೀಲಿಗಟ್ಟಿದರೆ ಅಲ್ಲಿಗೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಜ್ವರ ಬಂದಾಗ, ಕಫದ ಬಣ್ಣ ಬದಲಾದಾಗ ನಡಿಗೆಗೆ ರಜೆ ಕೊಟ್ಟು ವೈದ್ಯರಿಗೆ ತೋರಿಸಿ. ಮನೆಯಲ್ಲೇ ಆಕ್ಸಿಜನ್ ಹಾಕಿಕೊಳ್ಳುವವರೂ ನಡೆಯಬಹುದು. ನಡೆಯುವಾಗ ಎಷ್ಟಕ್ಕೆ ಇಡಬೇಕು ಅನ್ನುವುದನ್ನು ಮಾತ್ರ ನಿಮ್ಮ ವೈದ್ಯರೇ ಹೇಳಬೇಕು.

ನಮಸ್ಕಾರ.