ಮಕ್ಕಳು ಎಡವುವ ಜಾಗದಿಂದ ಶುರು ಮಾಡೋಣ: ತರಗತಿಗೆ ಒದಗುವ ಸಾಫ್ಟ್‌ವೇರ್‌ಗಳು

ಸ್ನೇಹಿತರೇ, ಎಲ್ಲರಿಗೂ ನಮಸ್ಕಾರ.

"ಶಿಕ್ಷಕರಿಗೆ ಉಪಯೋಗಕ್ಕೆ ಬರುವ ಸಾಫ್ಟ್‌ವೇರ್‌ಗಳ ಒಂದು ಪಟ್ಟಿ ಕೊಡಿ" ಎಂದು ಕೇಳುವವರು ಬಹಳ ಮಂದಿ. ಪಟ್ಟಿ ಕೊಡುವುದು ಕಷ್ಟವೇನಲ್ಲ. ಆದರೆ ಪಟ್ಟಿ ಹಿಡಿದುಕೊಂಡು ಹೋದವರು ಸ್ವಲ್ಪ ದಿನ ಅದನ್ನೂ ಇದನ್ನೂ ತೆರೆದು ನೋಡಿ, ಆಮೇಲೆ ಬಿಟ್ಟುಬಿಡುವುದೇ ಜಾಸ್ತಿ. ಸಾಫ್ಟ್‌ವೇರ್ ಮೊದಲು ಕೈಗೆ ಬಂತು, ಅದಕ್ಕೊಂದು ಕೆಲಸ ಆಮೇಲೆ ಹುಡುಕಬೇಕಾಯಿತು. ಹಾಗಾದಾಗ ಅದು ಉಳಿಯುವುದಿಲ್ಲ.

ಇವತ್ತು ನಾವು ಇನ್ನೊಂದು ಕಡೆಯಿಂದ, ಕೆಲಸದ ಕಡೆಯಿಂದ ಬರೋಣ. ನೀವು ಯಾವ ವಿಷಯವನ್ನೇ ಕಲಿಸಿ, ಮಕ್ಕಳು ಎಡವುವ ಒಂದು ಜಾಗ ಇದ್ದೇ ಇರುತ್ತದೆ, ಅಲ್ವಾ? ವರ್ಷಾವರ್ಷ ಅದೇ ಜಾಗ. ಅಲ್ಲಿ ಮಗು ಏನು ಯೋಚನೆ ಮಾಡುತ್ತಿದೆ ಎನ್ನುವುದು ನಮಗೆ ಕಾಣಬೇಕು. ಅದನ್ನು ಕಾಣಿಸಿಕೊಡುವ ಸಾಫ್ಟ್‌ವೇರ್ ನನ್ನ ಮಟ್ಟಿಗೆ ಉಪಯುಕ್ತ. ಬಣ್ಣ, ಸದ್ದು, ಚಲಿಸುವ ಚಿತ್ರ ಎಷ್ಟೇ ಇರಲಿ, ಇದೊಂದು ಆಗದಿದ್ದರೆ ನಾನು ಅದಕ್ಕೆ ತರಗತಿಯ ಸಮಯ ಕೊಡುವುದಿಲ್ಲ.

ವಿದ್ಯುತ್ತಿನ ಪಾಠವನ್ನೇ ತೆಗೆದುಕೊಳ್ಳಿ. ಒಂದು ಬ್ಯಾಟರಿ, ಒಂದೇ ತರದ ಎರಡು ಬಲ್ಬ್. ಎರಡನ್ನೂ ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದು ಬರುವಂತೆ, ಜೋಡಿಸಿದ್ದೇವೆ. ಯಾವ ಬಲ್ಬ್ ಜಾಸ್ತಿ ಬೆಳಗುತ್ತದೆ ಎಂದು ಕೇಳಿ. "ಮೊದಲನೆಯದು" ಎನ್ನುವ ಮಕ್ಕಳು ಸಿಕ್ಕೇ ಸಿಗುತ್ತಾರೆ. ಅವರ ಲೆಕ್ಕದಲ್ಲಿ ಮೊದಲ ಬಲ್ಬ್ ಒಂದಷ್ಟು ಕರೆಂಟನ್ನು ತಿಂದುಬಿಡುತ್ತದೆ, ಮಿಕ್ಕಿದ್ದು ಎರಡನೆಯದಕ್ಕೆ ಹೋಗುತ್ತದೆ. ಓಮ್‌ನ ನಿಯಮವನ್ನು ಗಟ್ಟಿಯಾಗಿ ಒಪ್ಪಿಸುವ ಮಗುವಿನ ತಲೆಯಲ್ಲೂ ಇದೇ ಕೂತಿರಬಹುದು. ಪರೀಕ್ಷೆಯಲ್ಲಿ ಲೆಕ್ಕ ಸರಿ ಮಾಡಿಬಿಡುತ್ತದೆ, ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ.

ಪರದೆಯ ಮೇಲೇ ಪ್ರಯೋಗ ಮಾಡಿ ನೋಡುವ ಫೆಟ್ ಎನ್ನುವ ಜಾಲತಾಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವೀಮನ್ ಇದನ್ನು ಶುರು ಮಾಡಿದ್ದು 2002ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದಿತ್ತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ಭೂವಿಜ್ಞಾನಕ್ಕೆ ಸೇರಿದ ಪ್ರಯೋಗಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಅದರಲ್ಲಿ ಸರ್ಕ್ಯೂಟ್ ಕಟ್ಟುವ ಒಂದು ಕಿಟ್ ಇದೆ. ತಂತಿ, ಬ್ಯಾಟರಿ, ಬಲ್ಬ್ ಎಳೆದು ತಂದು ಜೋಡಿಸಬಹುದು. ಎಲೆಕ್ಟ್ರಾನುಗಳು ನೀಲಿ ಚುಕ್ಕೆಗಳಾಗಿ ತಂತಿಯೊಳಗೆ ಹರಿಯುವುದು ಕಾಣುತ್ತದೆ. ಮೊದಲ ಬಲ್ಬಿನ ಹಿಂದೆ, ಎರಡರ ನಡುವೆ, ಎರಡನೆಯದರ ಮುಂದೆ, ಎಲ್ಲಿ ನೋಡಿದರೂ ಚುಕ್ಕೆಗಳ ವೇಗ ಒಂದೇ. ಕರೆಂಟ್ ಅಳೆಯುವ ಅಮ್ಮೀಟರ್ ಇಟ್ಟರೆ ಅಂಕಿಯೂ ಒಂದೇ.

ಆದರೆ ಇದನ್ನು ಸುಮ್ನೆ ಪರದೆ ಮೇಲೆ ತೋರಿಸಿದರೆ ಏನೂ ಆಗುವುದಿಲ್ಲ. ಮಕ್ಕಳು ನೋಡುತ್ತಾರೆ, ತಲೆಯಾಡಿಸುತ್ತಾರೆ, ತಮ್ಮ ಹಳೆಯ ನಂಬಿಕೆಯನ್ನು ಹಾಗೇ ಇಟ್ಟುಕೊಂಡು ಮನೆಗೆ ಹೋಗುತ್ತಾರೆ. ಸ್ವಿಚ್ ಹಾಕುವ ಮೊದಲು ನಿಲ್ಲಿಸಿ. ಏನಾಗುತ್ತದೆ, ಯಾಕೆ ಹಾಗಾಗುತ್ತದೆ ಎಂದು ಪ್ರತಿ ಮಗುವೂ ಪುಸ್ತಕದಲ್ಲಿ ಒಂದು ಸಾಲು ಬರೆಯಲಿ. ಪಕ್ಕದವರ ಜೊತೆ ವಾದ ಮಾಡಲಿ. ಆಮೇಲೆ ಸ್ವಿಚ್ ಹಾಕಿ. ಎರಡು ಬಲ್ಬೂ ಒಂದೇ ಸಮ ಬೆಳಗಿದಾಗ, ತಪ್ಪು ಊಹಿಸಿದ ಮಗುವಿಗೆ "ಹಂಗಾದ್ರೆ ಕರೆಂಟ್ ಖರ್ಚಾಗಲ್ವಾ?" ಎನ್ನುವ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಕರೆಂಟ್ ಬೇರೆ, ಶಕ್ತಿ ಬೇರೆ ಎಂದು ಹೇಳುವುದಕ್ಕೆ ಅದೇ ಸರಿಯಾದ ಹೊತ್ತು. ನಿಜವಾದ ಬಲ್ಬು, ಬ್ಯಾಟರಿ ಸಿಗುವುದಾದರೆ ಅವನ್ನೂ ಖಂಡಿತ ಬಳಸಿ. ಕೈಯಲ್ಲಿ ತಂತಿ ಹಿಡಿದು ಮಾಡುವುದರ ರುಚಿಯೇ ಬೇರೆ. ಆದರೆ ಎಲೆಕ್ಟ್ರಾನ್ ಹರಿಯುವುದನ್ನು ಯಾವ ಮೇಜಿನ ಮೇಲೂ ತೋರಿಸಲಾಗದು. ಶಾರ್ಟ್ ಸರ್ಕ್ಯೂಟ್ ಮಾಡಿದರೆ ಪರದೆ ಮೇಲಿನ ಬ್ಯಾಟರಿಗೆ ಬೆಂಕಿ ಹತ್ತುತ್ತದೆ, ಯಾರ ಕೈಯೂ ಸುಡುವುದಿಲ್ಲ.

ರೇಖಾಗಣಿತಕ್ಕೆ ಜಿಯೋಜೀಬ್ರಾ. ಆಸ್ಟ್ರಿಯಾದ ಮಾರ್ಕುಸ್ ಹೊಹೆನ್‌ವಾರ್ಟರ್ 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಶುರು ಮಾಡಿದ ಕೆಲಸ ಇದು. ಬೋರ್ಡಿನ ಮೇಲೆ ತ್ರಿಭುಜ ಬರೆಯುವಾಗ ನಮ್ಮ ಕೈಗೆ ಒಂದು ಅಭ್ಯಾಸ ಇರುತ್ತದೆ. ತಳ ಅಡ್ಡಕ್ಕೆ, ತುದಿ ಮೇಲಕ್ಕೆ, ಮೂರೂ ಕೋನ ಹೆಚ್ಚು ಕಡಿಮೆ ಒಂದೇ ತರ. ಮಕ್ಕಳ ಮನಸ್ಸಿನಲ್ಲಿ ತ್ರಿಭುಜ ಅಂದರೆ ಅದೊಂದೇ ಚಿತ್ರ ಆಗಿಬಿಡುತ್ತದೆ. ಜಿಯೋಜೀಬ್ರಾದಲ್ಲಿ ಒಂದು ತ್ರಿಭುಜ ಎಳೆಯಿರಿ. ಮೂರು ಬಾಹುಗಳಿಗೂ ಲಂಬಾರ್ಧಕ, ಅಂದರೆ ಬಾಹುವಿನ ನಡುವೆ ನೇರ ಲಂಬವಾಗಿ ಹಾಯುವ ಗೆರೆ, ಹಾಕಿ. ಅವು ಸೇರುವ ಬಿಂದುವೇ ಪರಿಕೇಂದ್ರ. ಈಗ ಒಂದು ಶೃಂಗವನ್ನು ಹಿಡಿದು ನಿಧಾನಕ್ಕೆ ಎಳೆಯಲು ಒಬ್ಬ ಹುಡುಗಿಯನ್ನು ಕರೆಯಿರಿ. ಕೋನಗಳೆಲ್ಲ ಲಘುವಾಗಿರುವಾಗ, ಅಂದರೆ 90 ಡಿಗ್ರಿಗಿಂತ ಕಮ್ಮಿ ಇರುವಾಗ, ಪರಿಕೇಂದ್ರ ತ್ರಿಭುಜದ ಒಳಗೇ ಇರುತ್ತದೆ. ಎಳೆಯುತ್ತಾ ಹೋದಂತೆ ಅದು ಅಂಚಿಗೆ ಸರಿಯುತ್ತದೆ. ಒಂದು ಗಳಿಗೆ ಸರಿಯಾಗಿ ಬಾಹುವಿನ ಮೇಲೇ ಕೂರುತ್ತದೆ, ಅದೂ ಅದರ ನಟ್ಟನಡುವೆ. ಇನ್ನೊಂದು ಚೂರು ಎಳೆದರೆ ಹೊರಗೆ! "ನಿಲ್ಲಿಸು, ಹಿಂದೆ ಬಾ, ಬಾಹುವಿನ ಮೇಲೆ ಇದ್ದಾಗ ಎದುರಿನ ಕೋನ ಎಷ್ಟಿತ್ತು ನೋಡು" ಎನ್ನಿ. 90 ಡಿಗ್ರಿ. ಪುಸ್ತಕದಲ್ಲಿ ಪ್ರಮೇಯ ಎಂದು ಬರೆದಿರುವುದನ್ನು ಆ ಹುಡುಗಿ ತನ್ನ ಬೆರಳಲ್ಲೇ ಕಂಡುಕೊಂಡಳು. ಆ ಪ್ರಮೇಯದ ಸಾಧನೆಯನ್ನು ಆಮೇಲೆ ಬೋರ್ಡಿನ ಮೇಲೆ ಮಾಡಲೇಬೇಕು. ಹತ್ತು ತ್ರಿಭುಜದಲ್ಲಿ ಕಂಡದ್ದು ಎಲ್ಲ ತ್ರಿಭುಜಕ್ಕೂ ಯಾಕೆ ನಿಜ ಎನ್ನುವ ಪ್ರಶ್ನೆಗೆ ಸಾಫ್ಟ್‌ವೇರ್ ಉತ್ತರ ಕೊಡುವುದಿಲ್ಲ.

ಈಗ ಇಡೀ ತರಗತಿಯ ಉತ್ತರವನ್ನು ಒಟ್ಟಿಗೆ ನೋಡುವ ವಿಷಯ. ನಾವು ಪ್ರಶ್ನೆ ಕೇಳಿದಾಗ ಕೈ ಎತ್ತುವವರು ಅದೇ ನಾಲ್ಕೈದು ಮಕ್ಕಳು. ಉಳಿದವರ ಕಥೆ ಏನು? ಅವರ ಉತ್ತರ ತಿಳಿಯಲು ಎಲ್ಲರ ಬಳಿಯೂ ಮೊಬೈಲ್ ಇರಬೇಕಿಲ್ಲ. ಪ್ಲಿಕರ್ಸ್ ಎನ್ನುವ ಸಾಧನದಲ್ಲಿ ಮಕ್ಕಳ ಕೈಯಲ್ಲಿ ಇರುವುದು ಬರೀ ಕಾಗದದ ಕಾರ್ಡ್. ಒಬ್ಬೊಬ್ಬರ ಕಾರ್ಡಿನ ಮೇಲೂ ಬೇರೆ ಬೇರೆ ಕಪ್ಪು ಆಕಾರ. ನಾಲ್ಕು ಬದಿಗೆ ಎ, ಬಿ, ಸಿ, ಡಿ ಎಂದು ಸಣ್ಣದಾಗಿ ಬರೆದಿರುತ್ತದೆ. ತಮ್ಮ ಉತ್ತರ ಮೇಲೆ ಬರುವ ಹಾಗೆ ಕಾರ್ಡನ್ನು ತಿರುಗಿಸಿ ಹಿಡಿಯುತ್ತಾರೆ. ಶಿಕ್ಷಕರು ತಮ್ಮ ಫೋನಿನ ಕ್ಯಾಮೆರಾವನ್ನು ತರಗತಿಯ ಉದ್ದಕ್ಕೂ ಒಮ್ಮೆ ಆಡಿಸಿದರೆ ಸಾಕು, ಯಾರು ಏನು ಹೇಳಿದರು ಎಂದು ಬಂದುಬಿಡುತ್ತದೆ. ಕಾರ್ಡುಗಳು ಒಂದರಂತೆ ಇನ್ನೊಂದಿಲ್ಲ, ಹಾಗಾಗಿ ಪಕ್ಕದವರದನ್ನು ನೋಡಿ ಹಿಡಿಯುವುದು ಕಷ್ಟ. ನಾಚುವ ಮಗುವಿನ ಉತ್ತರವೂ ನಮಗೆ ಸಿಗುತ್ತದೆ. ನನಗೆ ಇದು ತುಂಬಾ ಇಷ್ಟ.

ಆದರೆ ಸಾಧನಕ್ಕಿಂತ ಪ್ರಶ್ನೆ ಮುಖ್ಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ. 0.4, 0.35, 0.125 ಇವುಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದಿರಿ ಅನ್ನಿ. 0.125 ಎಂದ ಮಗು, ಚುಕ್ಕೆಯ ಆಚೆ ಇರುವುದನ್ನು ನೂರ ಇಪ್ಪತ್ತೈದು ಎಂದೇ ಓದುತ್ತಿದೆ. ಅಂಕಿ ಜಾಸ್ತಿ ಇದ್ದರೆ ಸಂಖ್ಯೆ ದೊಡ್ಡದು ಎಂದು ಅದರ ನಂಬಿಕೆ. ಸರಿ, ಅದು ಗೊತ್ತಾಯಿತು. 0.4 ಎಂದವರಿಗೆಲ್ಲ ವಿಷಯ ಗೊತ್ತು ಎನ್ನಬಹುದೇ? ಅವಸರ ಬೇಡ. ದಶಮಾಂಶದಲ್ಲಿ ಅಂಕಿ ಕಮ್ಮಿ ಇದ್ದಷ್ಟೂ ಸಂಖ್ಯೆ ದೊಡ್ಡದು ಎಂದು ತಿಳಿದುಕೊಂಡ ಮಕ್ಕಳೂ ಇರುತ್ತಾರೆ. ಅವರೂ 0.4 ಎಂದೇ ಹೇಳುತ್ತಾರೆ. ಉತ್ತರ ಸರಿ, ಯೋಚನೆ ತಪ್ಪು. ಆದ್ದರಿಂದ ಹಿಂದೆಯೇ ಇನ್ನೊಂದು ಪ್ರಶ್ನೆ ಹಾಕಿ: 0.4 ದೊಡ್ಡದೋ, 0.45 ದೊಡ್ಡದೋ? ಈಗ ಅವರು ಸಿಕ್ಕಿಬೀಳುತ್ತಾರೆ. ಪ್ರತಿ ತಪ್ಪು ಆಯ್ಕೆಯ ಹಿಂದೆಯೂ ಒಂದು ತಪ್ಪು ತಿಳಿವಳಿಕೆ ಇರಬೇಕು. ಸುಮ್ನೆ ಜಾಗ ತುಂಬಲು ಹಾಕಿದ ಆಯ್ಕೆಯಿಂದ ನಮಗೆ ಏನೂ ತಿಳಿಯುವುದಿಲ್ಲ.

ಉತ್ತರ ಅರ್ಧಕ್ಕರ್ಧ ಒಡೆದುಹೋದರೆ ಖುಷಿ ಪಡಿ. ಸರಿ ಯಾವುದು ಎಂದು ಹೇಳಬೇಡಿ. ಪಕ್ಕದವರಿಗೆ ತಮ್ಮ ಕಾರಣ ವಿವರಿಸಲು ಹೇಳಿ, ಆಮೇಲೆ ಮತ್ತೊಮ್ಮೆ ಕೇಳಿ. ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಬಳಕೆಗೆ ತಂದ ಪದ್ಧತಿ ಇದು. ಈಗ ತಾನೇ ಅರ್ಥ ಮಾಡಿಕೊಂಡ ಮಗುವಿಗೆ, ಅರ್ಥವಾಗದ ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಗೂಗಲ್ ಫಾರ್ಮ್ಸ್‌ನಲ್ಲೂ ಕ್ವಿಜ್ ಮಾಡಿ ತಾನೇ ಅಂಕ ಹಾಕುವಂತೆ ಇಡಬಹುದು. ಮನೆಯಲ್ಲಿ ಬರೆಯುವ ಕೆಲಸಕ್ಕೆ ಅದು ಚೆನ್ನಾಗಿದೆ. ಕಹೂಟ್ ತರದ ಕ್ವಿಜ್ ಆಟದಲ್ಲಿ ಮಾತ್ರ ಒಂದು ಎಚ್ಚರ ಬೇಕು. ಬೇಗ ಒತ್ತಿದವರಿಗೆ ಜಾಸ್ತಿ ಅಂಕ ಎಂದಾದರೆ ನಿಧಾನವಾಗಿ ಯೋಚಿಸುವ ಮಕ್ಕಳು ಊಹೆಗೆ ಇಳಿಯುತ್ತಾರೆ. ಸಮಯ ಹೆಚ್ಚು ಕೊಟ್ಟು ಆಡಿಸಿ.

ನೆನಪಿನ ವಿಷಯಕ್ಕೆ ಬರೋಣ. 1885ರಲ್ಲೇ ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು ಮರೆವು ಹೇಗೆ ಸಾಗುತ್ತದೆ ಎಂದು ಬರೆದಿಟ್ಟರು. ಕಲಿತದ್ದು ಮೊದಮೊದಲು ಬೇಗ ಬೇಗ ಜಾರುತ್ತದೆ, ಆಮೇಲೆ ನಿಧಾನವಾಗುತ್ತದೆ. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಇನ್ನೊಂದು ವಿಷಯ ತೋರಿಸಿದರು. ಒಂದು ಪಠ್ಯವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದೆ. ಆಂಕಿ ಎನ್ನುವ ಉಚಿತ ಸಾಫ್ಟ್‌ವೇರ್ ನಿಂತಿರುವುದು ಇದರ ಮೇಲೇ. ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ. ಸುಲಭವಾಗಿ ನೆನಪಾದ ಕಾರ್ಡ್ ತಡವಾಗಿ ಮರಳುತ್ತದೆ, ತಡವರಿಸಿದ ಕಾರ್ಡ್ ಬೇಗ ಬರುತ್ತದೆ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ದುಡ್ಡು ಕೊಡದೆ ಬಳಸಬಹುದು. ಹೊಸ ಭಾಷೆಯ ಪದಗಳಿಗೆ, ರಾಸಾಯನಿಕ ಸಂಕೇತಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಕಾರ್ಡುಗಳನ್ನು ಮಕ್ಕಳೇ ಬರೆದರೆ ಇನ್ನೂ ಒಳ್ಳೆಯದು, ಬರೆಯುವಾಗಲೇ ಅರ್ಧ ಕಲಿತಿರುತ್ತಾರೆ.

ಇಂಟರ್ನೆಟ್ ಇಲ್ಲದ ಅಥವಾ ಆಗಾಗ ಕೈಕೊಡುವ ಶಾಲೆಗಳ ಶಿಕ್ಷಕರು ಇಷ್ಟು ಹೊತ್ತಿಗೆ "ಇದೆಲ್ಲ ನಮಗಲ್ಲ" ಅಂದುಕೊಂಡಿರಬಹುದು. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಫೆಟ್‌ನ ಈಗಿನ ಪ್ರಯೋಗಗಳನ್ನು ಒಂದೊಂದು ಫೈಲಾಗಿ ಇಳಿಸಿಕೊಳ್ಳಬಹುದು. ಪೆನ್ ಡ್ರೈವ್‌ನಲ್ಲಿ ತಂದರೆ ಬ್ರೌಸರಿನಲ್ಲೇ ತೆರೆಯುತ್ತವೆ, ನೆಟ್ ಬೇಕಿಲ್ಲ. ಜಿಯೋಜೀಬ್ರಾ, ಆಂಕಿ ಒಮ್ಮೆ ಹಾಕಿಕೊಂಡರೆ ಸಾಕು. ರಾತ್ರಿಯ ಆಕಾಶ ತೋರಿಸುವ ಸ್ಟೆಲೇರಿಯಮ್ ಕೂಡ ಹಾಗೆಯೇ. ಇಡೀ ವಿಕಿಪೀಡಿಯವನ್ನು ನೆಟ್ ಇಲ್ಲದೆ ಓದಲು ಕಿವಿಕ್ಸ್ ಇದೆ. ಕೋಲಿಬ್ರಿ ಎನ್ನುವುದು ಇನ್ನೂ ಒಂದು ಹೆಜ್ಜೆ ಮುಂದೆ. ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಪಾಠ, ವಿಡಿಯೊ, ಅಭ್ಯಾಸಗಳನ್ನು ತುಂಬಿ, ಒಂದು ವೈಫೈ ರೂಟರ್ ಪಕ್ಕಕ್ಕಿಟ್ಟರೆ, ತರಗತಿಯ ಉಳಿದ ಕಂಪ್ಯೂಟರು, ಟ್ಯಾಬುಗಳೆಲ್ಲ ಅದರಿಂದಲೇ ಓದುತ್ತವೆ. ಹೊರಗಿನ ಇಂಟರ್ನೆಟ್ಟಿಗೂ ಇದಕ್ಕೂ ಸಂಬಂಧವೇ ಇಲ್ಲ.

ಕಣ್ಣು ಕಾಣದ ಮಗು ತರಗತಿಯಲ್ಲಿದ್ದರೆ ಎನ್‌ವಿಡಿಎ ಎನ್ನುವ ಹೆಸರನ್ನು ಬರೆದಿಟ್ಟುಕೊಳ್ಳಿ. ಪರದೆಯ ಮೇಲಿರುವುದನ್ನು ಓದಿ ಹೇಳುವ ಉಚಿತ ಸಾಫ್ಟ್‌ವೇರ್. ಆಸ್ಟ್ರೇಲಿಯಾದ ಮೈಕೆಲ್ ಕರನ್ ಇದನ್ನು 2006ರಲ್ಲಿ ಶುರು ಮಾಡಿದರು, ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಆದರೆ ಅದು ಓದಬೇಕಾದರೆ ನಾವು ಕೊಡುವುದು ಅಕ್ಷರವಾಗಿರಬೇಕು. ನೋಟ್ಸಿನ ಪುಟವನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದರೆ ಆ ಮಗುವಿಗೆ ಅದು ಬರೀ "ಚಿತ್ರ". ಟೈಪ್ ಮಾಡಿ ಕಳಿಸಿ. ಚಿತ್ರ ಹಾಕಿದರೆ ಅದರಲ್ಲಿ ಏನಿದೆ ಎಂದು ಒಂದು ಸಾಲು ಬರೆಯಿರಿ. ಹೊಸ ಸಾಫ್ಟ್‌ವೇರ್ ಏನೂ ಬೇಡ, ಈ ಅಭ್ಯಾಸ ಒಂದಿದ್ದರೆ ಒಬ್ಬ ವಿದ್ಯಾರ್ಥಿ ಪಾಠದ ಒಳಗೆ ಬರುತ್ತಾನೆ. ಇದನ್ನು ನಾವು ಮಾಡಲೇಬೇಕು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ: ಅದನ್ನು ಬಳಸಬಹುದಾ? ತರಗತಿಗೆ ಮೊದಲು, ನಮ್ಮ ಮೇಜಿನ ಮೇಲೆ, ಖಂಡಿತ ಬಳಸಬಹುದು. ಒಂದೇ ಲೆಕ್ಕದ ಬೇರೆ ಬೇರೆ ರೂಪ ಬರೆಸಲು, ಆಗಲೇ ಹೇಳಿದ ತರದ ತಪ್ಪು ಆಯ್ಕೆಗಳನ್ನು ಹುಡುಕಲು ಅದು ಸಹಾಯ ಮಾಡುತ್ತದೆ. ಆದರೆ ತಪ್ಪನ್ನೂ ಅದೇ ಧೈರ್ಯದಿಂದ ಹೇಳುತ್ತದೆ. ಅದು ಕೊಟ್ಟ ಪ್ರತಿ ಉತ್ತರವನ್ನೂ ನೀವೇ ಬಿಡಿಸಿ ನೋಡಿ. ಮಕ್ಕಳ ಹೆಸರು, ಅಂಕ, ಮನೆಯ ಸಂಗತಿ ಅದರೊಳಗೆ ಹಾಕಲೇಬೇಡಿ. ಮಗುವಿನ ಪ್ರಬಂಧಕ್ಕೆ ಅಂಕ ಹಾಕುವ ಕೆಲಸವನ್ನಂತೂ ಅದಕ್ಕೆ ಒಪ್ಪಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಪ್ರಬಂಧವನ್ನು ಓದುವಾಗಲೇ ಅಲ್ವಾ ನಮಗೆ ಆ ಮಗು ಗೊತ್ತಾಗುವುದು?

ಇನ್ನೊಂದು ಮಾತು. ಈ ಸಾಧನಗಳು ಶಾಶ್ವತ ಅಲ್ಲ. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ, ಬ್ರೌಸರಿನಲ್ಲಿ ಚಲಿಸುವ ಚಿತ್ರ ಓಡಿಸುತ್ತಿದ್ದ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿದಾಗ, ಅದರಲ್ಲಿ ಮಾಡಿದ್ದ ಎಷ್ಟೋ ಪಾಠಗಳು ತೆರೆಯದೇ ಹೋದವು. ತರಗತಿಯ ಕೆಲಸಕ್ಕೆ ಶಿಕ್ಷಕರು ಬಹಳ ಬಳಸುತ್ತಿದ್ದ ಎಡ್ಮೋಡೊ ಜಾಲತಾಣ 2022ರಲ್ಲಿ ಮುಚ್ಚಿತು. ಪರದೆಯ ಮೇಲೆ ಬರೆಯುವ ಬೋರ್ಡಿನಂತಿದ್ದ ಗೂಗಲ್‌ನ ಜ್ಯಾಮ್‌ಬೋರ್ಡ್ 2024ರ ಕೊನೆಗೆ ನಿಂತಿತು. ಹಾಗಾಗಿ ಹೊಸದೊಂದನ್ನು ಹಿಡಿಯುವ ಮೊದಲು ಒಂದು ಪರೀಕ್ಷೆ ಮಾಡಿ. ನಾನು ಮಾಡಿದ್ದನ್ನು ಇದರಿಂದ ಹೊರಗೆ ತೆಗೆದುಕೊಳ್ಳಲು ಆಗುತ್ತದಾ? ಪ್ರಶ್ನೆಗಳು ಮಾಮೂಲಿ ಟೆಕ್ಸ್ಟ್ ಫೈಲಾಗಿ, ಅಂಕಗಳು ಯಾವ ಸ್ಪ್ರೆಡ್‌ಶೀಟಿನಲ್ಲೂ ತೆರೆಯುವ ಸಿಎಸ್‌ವಿ ಫೈಲಾಗಿ, ನೋಟ್ಸ್ ಪಿಡಿಎಫ್ ಆಗಿ ಹೊರಬಂದರೆ ಸರಿ. ಪ್ರತಿ ಶೈಕ್ಷಣಿಕ ಅವಧಿಯ ಕೊನೆಗೆ ಒಂದು ಪ್ರತಿ ನಿಮ್ಮ ಸ್ವಂತ ಡಿಸ್ಕಿನಲ್ಲಿ ಇರಲಿ. ಆನ್‌ಲೈನ್ ತರಗತಿ ನಡೆಸುವ ಮೂಡಲ್, ಚಟುವಟಿಕೆ ತಯಾರಿಸುವ ಎಚ್‌ಫೈವ್‌ಪಿ, ಬರೆಯಲು, ಲೆಕ್ಕ ಇಡಲು ಬಳಸುವ ಲಿಬ್ರೆ ಆಫೀಸ್ ತರದ, ಮೂಲ ಕೋಡ್ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶಗಳ ಕಡೆಗೆ ನನ್ನ ಒಲವು ಇರುವುದೂ ಇದಕ್ಕೇ. ಒಂದು ಕಂಪನಿ ಕೈಬಿಟ್ಟರೂ ಇನ್ನೊಬ್ಬರು ಮುಂದುವರಿಸಬಹುದು.

ಮಕ್ಕಳ ಹೆಸರಿನಲ್ಲಿ ಖಾತೆ ತೆರೆಯುವ ಮೊದಲು ಪೋಷಕರಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ. ಸಾಧ್ಯವಾದಲ್ಲೆಲ್ಲ ಪೂರ್ತಿ ಹೆಸರಿನ ಬದಲು ಕ್ರಮಸಂಖ್ಯೆ ಸಾಕು. ಪ್ಲಿಕರ್ಸ್‌ನಲ್ಲಿ ಕಾರ್ಡಿನ ಸಂಖ್ಯೆ ಇದ್ದರೆ ಕೆಲಸ ನಡೆಯುತ್ತದೆ, ಫೆಟ್‌ನ ಪ್ರಯೋಗಕ್ಕೆ ಮಕ್ಕಳಿಗೆ ಖಾತೆಯೇ ಬೇಡ.

ಈಗ ನಿಮ್ಮ ಸರದಿ. ಪಕ್ಕದಲ್ಲಿ ಕೂತವರ ಜೊತೆ ಮಾತಾಡಿಕೊಂಡು, ನಿಮ್ಮ ಪಾಠದಲ್ಲಿ ಮಕ್ಕಳು ಕೊಡುವ ಒಂದು ತಪ್ಪು ಉತ್ತರವನ್ನು ಚೀಟಿಯಲ್ಲಿ ಬರೆದುಕೊಡಿ. ಸರಿ ಉತ್ತರ ಬೇಡ, ತಪ್ಪು ಉತ್ತರ ಮಾತ್ರ. ಒಂದೊಂದನ್ನೇ ತೆಗೆದು, ಅದಕ್ಕೆ ಯಾವ ಸಾಧನ ಹೊಂದುತ್ತದೆ, ಯಾವ ಪ್ರಶ್ನೆ ಹಾಕಬೇಕು ಎಂದು ಇಲ್ಲೇ ಪರದೆಯ ಮೇಲೆ ಮಾಡಿ ನೋಡೋಣ.